ಬಂದೆ ಅಂದವನು

ಯಾರಾದರೂ ಕರೆದರೆ ನಾವು ಕೂತಲ್ಲಿಂದಲೇ ‘ಬಂದೆ’ ಅನ್ನುತ್ತೇವೆ. ಬಂದಿರುವುದಿಲ್ಲ, ಎದ್ದು ಕೂಡ ಇರುವುದಿಲ್ಲ. ಆದರೂ ಬಂದು ಮುಗಿಯಿತು ಅನ್ನುವ ಹಾಗೆ ಹೇಳಿಬಿಡುತ್ತೇವೆ, ಕರೆದವರೂ ನಂಬುತ್ತಾರೆ. ದಿನಕ್ಕೆ ಹತ್ತು ಸಲ ಆಡುವ ಈ ಸುಳ್ಳನ್ನು ಯಾರೂ ಸುಳ್ಳು ಅಂತ ಗಣಿಸಿದ್ದನ್ನು ನಾನು ಕಾಣೆ.

ನನ್ನ ಪಕ್ಕದ ಅಂಗಡಿಯವನಿಗೆ ಈ ಮಾತೇ ಹೆಸರಾಗಿಬಿಟ್ಟಿತ್ತು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ನನ್ನದು ಪುಸ್ತಕ ಬೈಂಡಿಂಗ್. ನಮ್ಮಿಬ್ಬರ ಅಂಗಡಿಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಮಾತ್ರ. ನನ್ನ ಕಡೆಯ ಅಂಟಿನ ವಾಸನೆ ಅವನ ಕಡೆಗೆ, ಅವನ ಕಡೆಯ ಎಣ್ಣೆಯ ವಾಸನೆ ನನ್ನ ಕಡೆಗೆ ಹೋಗಿ ಬಂದು ಮಾಡುತ್ತಿದ್ದವು. ಟೈಲರುಗಳು ಬಾಗಿಲಲ್ಲಿ ನಿಂತು ಕೂಗಿದರೆ ಒಳಗಿನಿಂದ ‘ಬಂದೆ’ ಅನ್ನುವ ಉತ್ತರ ಬರುತ್ತಿತ್ತು, ಮನುಷ್ಯ ಬರುತ್ತಿರಲಿಲ್ಲ. ಮನೆಗೆ ಬಂದು ಯಂತ್ರ ನೋಡು ಅಂತ ಬೆಳಿಗ್ಗೆ ಹೇಳಿಕಳಿಸಿದರೆ ಸಂಜೆಗೆ ಹೋಗುತ್ತಿದ್ದ. ಹಾಗಾಗಿ ಊರಿಗೆಲ್ಲ ಅವನು ‘ಬಂದೆ’. ಬಂದೆ ಇದ್ದಾನಾ ಅಂತ ಯಾರಾದರೂ ನನ್ನನ್ನು ಕೇಳಿದರೆ, ಇದ್ದಾನೆ, ಇನ್ನೂ ಬಂದಿಲ್ಲ ಅನ್ನುತ್ತಿದ್ದೆ. ಹಳಸಲು ಜೋಕು, ಆದರೂ ಹದಿನೈದು ವರ್ಷ ಓಡಿತು.

ಅವನು ಸೋಮಾರಿ ಅಂತ ಮಾತ್ರ ಯಾರೂ ತಿಳಿಯಬಾರದು. ಕೈಗೆ ಹಿಡಿದ ಕೆಲಸವನ್ನು ನಡುವೆ ಬಿಡಲಾರದವನು, ಅಷ್ಟೆ. ಕಡ್ಡಿಯಷ್ಟು ಸ್ಕ್ರೂ ಅರ್ಧ ತಿರುಗಿಸಿದ್ದರೂ ಅದು ಪೂರ್ತಿ ಕೂರುವ ತನಕ ಪ್ರಪಂಚ ಹಾಳಾಗಿಹೋದರೂ ತಲೆ ಎತ್ತುತ್ತಿರಲಿಲ್ಲ. ಅವನು ರಿಪೇರಿ ಮಾಡಿದ ಯಂತ್ರ ಮತ್ತೆ ವಾಪಸ್ ಬಂದದ್ದನ್ನು ನಾನು ನೋಡಿಲ್ಲ. ಅವನನ್ನು ಸಾಕಿ ಬೆಳೆಸಿದವಳು ಅವನಿಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ. ಆಕೆ ಹೇಳುತ್ತಿದ್ದಳು, ಇವನು ಹುಟ್ಟುವಾಗಲೇ ಹತ್ತು ದಿನ ತಡ, ಅಮ್ಮನ ಹೊಟ್ಟೆಯೊಳಗಿನಿಂದಲೇ ‘ಬಂದೆ’ ಅಂದಿರಬೇಕು ಅಂತ.

ಇಂಥವನಿಗೆ ಸಿಕ್ಕಿದ ಭಾವ ಗಡಿಯಾರದ ಮುಳ್ಳಿನಂಥ ಮನುಷ್ಯ. ಶಾಲೆಯ ವ್ಯಾನ್ ಓಡಿಸುತ್ತಿದ್ದ. ಪ್ರತಿ ಮನೆಯ ಮುಂದೆ ಒಂದೇ ಒಂದು ಹಾರ್ನ್, ಒಂದು ನಿಮಿಷ ಕಾಯುವುದು, ಆಮೇಲೆ ವ್ಯಾನ್ ಹೊರಟೇಬಿಡುತ್ತಿತ್ತು. ತಾಯಂದಿರು ಒಂದು ಕೈಯಲ್ಲಿ ಮಗುವಿನ ಶೂ, ಇನ್ನೊಂದು ಕೈಯಲ್ಲಿ ಮಗುವನ್ನೇ ಹಿಡಿದು ಓಡಿ ಬರುತ್ತಿದ್ದರು. ಮೊದಮೊದಲು ಜಗಳಗಳಾದವು, ಕೊನೆಗೆ ಆ ಬೀದಿಗಳೆಲ್ಲ ಅವನ ಸಮಯಕ್ಕೆ ಹೊಂದಿಕೊಂಡವು. ಒಮ್ಮೆ ನನ್ನ ಅಂಗಡಿಯಲ್ಲಿ ಕೂತಿದ್ದಾಗ ಇನ್ನೊಂದು ಸಲ ಹಾರ್ನ್ ಹೊಡೆದರೆ ಗಂಟೇನು ಹೋಗುತ್ತಯ್ಯಾ ಅಂತ ಕೇಳಿದ್ದೆ. ಕರೆಯೋದು ಒಂದು ಸಲ, ಎರಡನೇ ಸಲ ಕರೆದರೆ ಅದು ಕರೆದ ಹಾಗಲ್ಲ, ಬೇಡಿಕೊಂಡ ಹಾಗೆ ಅಂದ. ಮನೆಯಲ್ಲೂ ಹಾಗೆಯೇ. ಹೆಂಡತಿಯನ್ನು ಒಂದು ಸಲ ಕರೆಯುತ್ತಿದ್ದ, ಆಕೆ ಬರದಿದ್ದರೆ ತಾನೇ ಎದ್ದು ನೀರು ತೆಗೆದುಕೊಂಡು ಕುಡಿಯುತ್ತಿದ್ದ. ಆಕೆಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಇನ್ನೊಂದು ಸಲ ಕರೆದರೆ ನಿಮ್ಮ ನಾಲಿಗೆ ಸವೆಯುತ್ತಾ ಅಂತ ರೇಗುತ್ತಿದ್ದಳು.

ಒಬ್ಬ ಒಂದೇ ಸಲ ಕರೆಯುವವನು, ಇನ್ನೊಬ್ಬ ನಾಲ್ಕು ಸಲ ಕರೆದರೆ ಏಳುವವನು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗಿತ್ತು ಜೋಡಿ. ಆದರೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಭಾನುವಾರ ಕಳೆಯುತ್ತಿರಲಿಲ್ಲ. ಭಾವನಿಗೆ ಗಾಳ ಹಾಕುವ ಹುಚ್ಚು. ವಾರವಿಡೀ ಹದಿನಾಲ್ಕು ಮಕ್ಕಳ ಕಿರುಚಾಟ ಕೇಳಿದ ಕಿವಿಗೆ ಒಂದು ದಿನವಾದರೂ ಏನೂ ಕೇಳಿಸಬಾರದು ಅನ್ನುತ್ತಿದ್ದ. ಈಜು ಬರುತ್ತಿರಲಿಲ್ಲ. ನಮ್ಮ ಬಂದೆ ಮಾತ್ರ ಚಿಕ್ಕಂದಿನಲ್ಲೇ ಬಾವಿಯಲ್ಲಿ ಈಜು ಕಲಿತು ನೀರಿಗೆ ಬಿದ್ದರೆ ಮೀನೇ ಆಗಿಬಿಡುವವನು. ಅದೇ ಧೈರ್ಯದ ಮೇಲೆ ಅಕ್ಕ ಗಂಡನನ್ನು ಕೆರೆಗೆ ಬಿಡುತ್ತಿದ್ದಳು. ನೀನು ಜೊತೆಗಿರ್ತೀಯಾ ಅಂತ ಕಳಿಸ್ತೀನಿ ಅಂತ ಪ್ರತಿ ಭಾನುವಾರ ತಮ್ಮನಿಗೆ ಹೇಳುತ್ತಿದ್ದಳಂತೆ.

ಆ ಭಾನುವಾರ ಅವರು ಹೋದ ಕೆರೆಯ ಒಂದು ದಡದಲ್ಲಿ ಹಿಂದೆ ಇಟ್ಟಿಗೆಗೆ ಮಣ್ಣು ತೆಗೆದಿದ್ದರು. ಗುಂಡಿಗಳೆಲ್ಲ ನೀರಿನಡಿ ಮುಚ್ಚಿಹೋಗಿದ್ದವು. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ತಲೆಯ ತನಕ ಮುಳುಗಬಹುದು. ಭಾವನ ಗಾಳ ನೀರೊಳಗಿನ ಒಂದು ಬೊಡ್ಡೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಬರುತ್ತೇನೆಂದು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಇಳಿದ. ಮಧ್ಯಾಹ್ನದ ಹೊತ್ತಿಗೆ ಅವನ ಹೆಣವನ್ನು ಹಗ್ಗ ಹಾಕಿ ಹುಡುಕಿ ತೆಗೆದರು. ನಾನು ಆಸ್ಪತ್ರೆಗೆ ಹೋದಾಗ ಬಂದೆ ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕೂತಿದ್ದ. ಅವನೂ ಸಾಕಷ್ಟು ಸಲ ಮುಳುಗಿ ಹುಡುಕಿದ್ದನಂತೆ, ಕಣ್ಣು ಕೆಂಡದ ಹಾಗಾಗಿದ್ದವು. ಅಕ್ಕ ಅವನ ಎದುರು ನಿಂತು ಒಂದೇ ಪ್ರಶ್ನೆ ಕೇಳಿದಳು, ಅವರು ಕೂಗಲಿಲ್ಲವಾ ಅಂತ. ಇಲ್ಲ ಅಕ್ಕ, ಅಂದ.

ಆಕೆ ತಕ್ಷಣ ನಂಬಿದಳು. ಹೌದು, ಅವರು ಕೂಗುವವರಲ್ಲ, ಅಂದಳು.

ಅವನು ಬದಲಾದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಗಾದೆಯನ್ನು ನಾನು ಅವನನ್ನು ನೋಡಿದ ಮೇಲೆ ಬಳಸುವುದು ಬಿಟ್ಟಿದ್ದೇನೆ. ಬಾಗಿಲಲ್ಲಿ ಯಾರಾದರೂ ಕೆಮ್ಮಿದರೂ ಸಾಕು, ಬಿಚ್ಚಿದ ಯಂತ್ರವನ್ನು ಹಾಗೇ ಬಿಟ್ಟು ಎದ್ದು ಬರುತ್ತಿದ್ದ. ಕೈ ಬಿಟ್ಟ ಸ್ಪ್ರಿಂಗು ಚಿಮ್ಮಿ ಎಲ್ಲೋ ಬೀಳುತ್ತಿತ್ತು, ಆಮೇಲೆ ನೆಲದ ಮೇಲೆ ಮಂಡಿಯೂರಿ ಅದನ್ನು ಹುಡುಕುತ್ತಿದ್ದ. ಕೆಲಸ ಕೆಡತೊಡಗಿತು. ರಿಪೇರಿಯಾದ ಯಂತ್ರಗಳು ವಾರಕ್ಕೇ ತಿರುಗಿ ಬಂದವು. ಜನ ಹೆಸರು ಬಿಡಲಿಲ್ಲ, ಬಂದೆ ಬಂದೆ ಅಂತಲೇ ಕೂಗಿದರು. ಅವನು ಆ ಮಾತನ್ನು ಬಾಯಿಂದ ತೆಗೆಯುವುದನ್ನೇ ಬಿಟ್ಟಿದ್ದ, ಕರೆದರೆ ಮಾತಿಲ್ಲದೆ ಎದುರು ಬಂದು ನಿಲ್ಲುತ್ತಿದ್ದ. ಮೈಯಿಲ್ಲದ ದನಿ ಹೋಗಿ ದನಿಯಿಲ್ಲದ ಮೈ ಬಂತಲ್ಲೋ ಅಂತ ನಾನೊಮ್ಮೆ ಕುಟುಕಿದೆ. ನನ್ನ ಬಾಯಿಗೆ ಬೀಗ ಹಾಕುವವರಿಲ್ಲ, ಅದು ನನ್ನ ದೊಡ್ಡ ರೋಗ.

ಆ ಮಾತಿಗೇ ಇರಬೇಕು, ಅವನು ನನ್ನ ಅಂಗಡಿಯೊಳಗೆ ಬಂದು ಕೂತ. ಭಾವ ತೀರಿಹೋಗಿ ಒಂದು ವರ್ಷವಾಗಿತ್ತು. ನಾನು ಹಳೆಯ ದಾಖಲೆ ಪುಸ್ತಕವೊಂದಕ್ಕೆ ಬೆನ್ನುಪಟ್ಟಿ ಅಂಟಿಸುತ್ತಿದ್ದೆ.

“ಅಣ್ಣ, ಭಾವ ಕರೆದಿದ್ರು,” ಅಂದ.

ಆಮೇಲೆ ಎಲ್ಲವನ್ನೂ ಹೇಳಿದ. ಭಾವ ನೀರಿಗಿಳಿದಾಗ ಇವನು ದಡದಲ್ಲಿ ಕೂತು ಗಾಳದ ದಾರ ಸುತ್ತುವ ರೀಲು ಬಿಚ್ಚಿದ್ದ. ಬೆಳಿಗ್ಗೆಯಿಂದ ಅದು ತಿರುಗದೆ ಕಚ್ಚಿಕೊಳ್ಳುತ್ತಿತ್ತಂತೆ. ಒಳಗಿನ ಸ್ಪ್ರಿಂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಕೂರಿಸುವ ಹೊತ್ತಿಗೆ ‘ಬಾರೋ’ ಅಂತ ಕೇಳಿಸಿತು. ಬೆರಳು ಬಿಟ್ಟರೆ ಸ್ಪ್ರಿಂಗು ಹುಲ್ಲಿಗೆ ಹಾರುತ್ತದೆ. ತಲೆ ಎತ್ತದೆ ‘ಬಂದೆ’ ಅಂದ. ಇನ್ನೊಂದು ಸಲ ಕರೆ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮತ್ತೆ ಕರೆಯದೇ ಇದ್ದದ್ದು ಅನುಮಾನ ಹುಟ್ಟಿಸುತ್ತಿತ್ತೇನೋ. ಭಾವ ಎರಡನೇ ಸಲ ಕರೆಯುವವನೇ ಅಲ್ಲವಲ್ಲ. ಸ್ಪ್ರಿಂಗು ಕೂತಿತು, ಮುಚ್ಚಳ ಕೂತಿತು, ಎರಡು ಸ್ಕ್ರೂ ಕೂತವು. ರೀಲು ತಿರುಗಿಸಿ ನೋಡಿದ, ಎಷ್ಟು ಚೆನ್ನಾಗಿ ತಿರುಗಿತು ಅಂತ ಖುಷಿಯೂ ಆಯಿತಂತೆ. ಅದನ್ನು ಭಾವನಿಗೆ ತೋರಿಸೋಣ ಅಂತ ತಲೆ ಎತ್ತಿದರೆ ಕೆರೆಯ ಮೇಲೆ ಯಾರೂ ಇರಲಿಲ್ಲ. ಪೊದೆಯ ಮರೆಗೆ ಹೋಗಿರಬೇಕು ಅಂದುಕೊಂಡು ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕೂತ. ದಡದ ಮೇಲಿದ್ದ ಚಪ್ಪಲಿ ಕಣ್ಣಿಗೆ ಬಿದ್ದಾಗ ರೀಲು ಬಿಸಾಡಿ ನೀರಿಗೆ ಹಾರಿದನಂತೆ.

ದನಿಯಲ್ಲಿ ಗಾಬರಿ ಇರಲಿಲ್ಲವೇನೋ ಅಂತ ಕೇಳಿದೆ. ಇದ್ದಿರಬೇಕು ಅಣ್ಣ, ನಾನು ಮಾತು ಕೇಳಿಸಿಕೊಂಡೆ, ದನಿ ಕೇಳಿಸಿಕೊಳ್ಳಲಿಲ್ಲ ಅಂದ. ಅಕ್ಕನಿಗೆ ಹೇಳಿಬಿಡಲೇ ಅಂತ ಕೇಳಿದ. ಅವನು ನನ್ನ ಹತ್ತಿರ ಬಂದದ್ದೇ ಅದಕ್ಕೆ.

ನಾನು ಬೇಡ ಅಂದೆ. ಈ ಮಾತನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯದೆ ಬಿಡುವ ಹಾಗಿಲ್ಲ. ಹಿರಿಯನ ಗತ್ತಿನಲ್ಲಿ ಬುದ್ಧಿ ಹೇಳಿದೆ. ಹೇಳಿದರೆ ಸತ್ತವನು ಎದ್ದು ಬರುತ್ತಾನೇನೋ, ಆಕೆಗೆ ಗಂಡ ಹೋದ, ಈಗ ತಮ್ಮನೂ ಹೋಗಬೇಕಾ, ಇದನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರು ಅಂದೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ಗಾದೆಯನ್ನೂ ಸೇರಿಸಿದೆ. ಬಾಯಿಗೆ ಸುಲಭವಾಗಿ ಬರುವ ಗಾದೆಗಳ ಬಗ್ಗೆ ಮನುಷ್ಯ ಎಚ್ಚರವಾಗಿರಬೇಕು. ಅವನು ತಲೆಯಾಡಿಸಿ ಎದ್ದುಹೋದ.

ಅವನಿಗೆ ಮದುವೆಯಾಗಿರಲಿಲ್ಲ. ರಾತ್ರಿಯೂಟ ಅಕ್ಕನ ಮನೆಯಲ್ಲಿ. ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಯ ಮನೆ, ಕಡಿದಾದ ಮೆಟ್ಟಿಲು, ಕಿಟಕಿಯ ಸರಳಿನ ಮೇಲೆಲ್ಲ ತೆಳುವಾಗಿ ಹಿಟ್ಟು. ಮಕ್ಕಳಿಲ್ಲದ ಆಕೆ ಶಾಲೆಯ ಮಕ್ಕಳ ಅಂಗಿ ಹೊಲಿದು ಜೀವನ ಸಾಗಿಸುತ್ತಿದ್ದಳು. ಹೊಲಿಯುತ್ತಾ ಗಂಡನನ್ನು ಬೈಯುತ್ತಿದ್ದಳು. ಮೊದಲು ಅಳುತ್ತಾ, ಆಮೇಲೆ ಅಳುವಿಲ್ಲದೆ, ಆಮೇಲೆ ಅದೇ ಅಭ್ಯಾಸವಾಗಿ. ಬಾಯಿ ಇರಲಿಲ್ಲವಾ ನಿಮಗೆ, ಒಂದು ಸಲ ಬಾ ಅಂದಿದ್ದರೆ ನನ್ನ ತಮ್ಮ ಹಾರಿ ಎತ್ತಿಕೊಂಡು ಬರುತ್ತಿರಲಿಲ್ಲವಾ, ಮುಳುಗುವಾಗಲೂ ನಿಮ್ಮ ಹೆಮ್ಮೆ ಹೋಗಲಿಲ್ಲವಾ ಅಂತ. ಪೆಡಲಿನ ಜೊತೆಗೆ ಮಾತೂ ಓಡುತ್ತಿತ್ತು. ತಮ್ಮ ಪಕ್ಕದಲ್ಲೇ ತಟ್ಟೆ ಹಿಡಿದು ಕೂತು ಎಲ್ಲವನ್ನೂ ಕೇಳುತ್ತಿದ್ದ. ಪ್ರತಿ ದಿನ. ಮನೆಗೆ ಬಂದವರೆದುರು ಆಕೆ ಅವನ ತಲೆ ಸವರಿ, ಇವನು ಎಷ್ಟು ಸಲ ಮುಳುಗಿ ಹುಡುಕಿದ ಪಾಪ ಅನ್ನುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ನಾನು ಹಲಗೆಯ ಈಚೆ ಕೂತು ಪುಸ್ತಕ ಹೊಲಿದುಕೊಂಡಿದ್ದೆ.

ಭಾವ ತೀರಿಹೋಗಿ ಹೀಗೆ ಆರು ವರ್ಷ ಕಳೆಯಿತು.

ಹೋದ ವರ್ಷ ಒಂದು ಮಧ್ಯಾಹ್ನ ಅಕ್ಕ ತಮ್ಮನ ಅಂಗಡಿಗೆ ಬಂದಳು. ಶಾಲೆಯವರು ಹೊಸ ವ್ಯಾನ್ ತಂದಿದ್ದರು. ಹಳೆಯ ಮಕ್ಕಳು ಕೆಲವರು ಸೇರಿ ಅದರೊಳಗೆ ಆ ಡ್ರೈವರಂಕಲ್ಲಿನ ಒಂದು ಫೋಟೋ ಹಾಕಿ ಅಂತ ಕೇಳಿಕೊಂಡಿದ್ದರಂತೆ. ಅದಕ್ಕೆ ಫೋಟೋ ಕೊಡಿ ಅಂತ ಆಕೆಯ ಹತ್ತಿರ ಬಂದಿದ್ದರು. ಆಕೆ ಕೊಡುವುದಿಲ್ಲ ಅಂದು ಕಳಿಸಿದ್ದಳು. ಚಹಾ ತರಿಸಿಕೊಂಡು ನಾವು ಮೂವರೂ ಅವನ ಅಂಗಡಿಯಲ್ಲಿ ಕೂತಿದ್ದೆವು. ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ, ಕೊಡಬೇಕಿತ್ತಮ್ಮ, ಮಕ್ಕಳು ಪ್ರೀತಿಯಿಂದ ಕೇಳಿದ್ದಾರೆ ಅಂದೆ.

ಆಕೆ ಲೋಟವನ್ನು ಕೆಳಗಿಟ್ಟಳು. ಯಾವತ್ತೂ ಹೇಳದ ಮಾತನ್ನು ಅವತ್ತು ಹೇಳಿದಳು. ಆ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿಗೆ ಜಗಳವಾಗಿತ್ತು. ಎಂದಿನ ಜಗಳವೇ. ಆತ ಒಂದು ಸಲ ಕರೆದ, ಆಕೆ ಸ್ನಾನದಲ್ಲಿದ್ದಳು, ಹೊರಗೆ ಬರುವಷ್ಟರಲ್ಲಿ ಆತ ಮಾತಿಲ್ಲದೆ ಗಾಳ ಹೆಗಲಿಗೇರಿಸಿದ್ದ. ಆಕೆಗೆ ಸಿಟ್ಟು ನೆತ್ತಿಗೇರಿ, ಹೋಗಿ, ಆ ಕೆರೆಯಲ್ಲೇ ಇದ್ದುಬಿಡಿ, ಈ ಮನೆಗೆ ಬರಲೇಬೇಡಿ ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು ನೋಡಿ.

“ಅವರು ಹೆಮ್ಮೆಗೆ ಕೂಗಲಿಲ್ಲ ಅಂತ ಬೈತಾ ಇರ್ತೀನಿ ಅಣ್ಣ. ಅದು ಬರೀ ಬಾಯಿಮಾತು. ಈಜು ಬರದ ಮನುಷ್ಯ ಮುಳುಗೋವಾಗ ಕೂಗದೇ ಇರ್ತಾನಾ? ಕೂಗೋಕೆ ಮನಸ್ಸಿರಲಿಲ್ಲ ಅವರಿಗೆ. ಬರಬೇಡಿ ಅಂದೆ, ಬರಲಿಲ್ಲ,” ಅಂದಳು.

ನಾನು ಬಂದೆಯ ಮುಖ ನೋಡಿದೆ. ಈ ಲೆಕ್ಕಾಚಾರ ಅವನ ತಲೆಗೂ ಯಾವತ್ತೂ ಹೊಳೆದಿರಲಿಲ್ಲ, ನನ್ನ ತಲೆಗೂ ಹೊಳೆದಿರಲಿಲ್ಲ. ಅವನು ತನ್ನನ್ನು ಉಳಿಸಿಕೊಳ್ಳಲು ಒಂದು ಸಣ್ಣ ‘ಇಲ್ಲ’ ಹೇಳಿದ್ದ, ನಾನು ಅದಕ್ಕೆ ರಟ್ಟು ಹಾಕಿ ಭದ್ರ ಮಾಡಿದ್ದೆ. ಆ ‘ಇಲ್ಲ’ವನ್ನು ಹಿಡಿದುಕೊಂಡು ಈ ಹೆಂಗಸು ತನ್ನ ಗಂಡನನ್ನು ತಾನೇ ಕೊಂದೆ ಅನ್ನುವ ತನಕ ಒಬ್ಬಳೇ ನಡೆದುಹೋಗಿದ್ದಳು. ಈಗಲೂ ನಾನು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

“ಅಕ್ಕ, ಭಾವ ಕರೆದ್ರು,” ಅಂದ ಅವನು.

ಆಕೆಗೆ ಅರ್ಥವಾಗಲಿಲ್ಲ. ಯಾರನ್ನು ಅಂತ ಕೇಳಿದಳು.

“ನನ್ನನ್ನ. ನೀರಿಂದ. ನಾನು ರೀಲು ಹಿಡ್ಕೊಂಡಿದ್ದೆ. ಬಂದೆ ಅಂದೆ, ಹೋಗಲಿಲ್ಲ.”

ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ನಾನು ಎದ್ದು ನಿಂತಿದ್ದೆ. ಆಕೆ ಅದೇನನ್ನೂ ಮಾಡಲಿಲ್ಲ. ಏನಂತ ಕರೆದರು ಅಂತ ಕೇಳಿದಳು. ‘ಬಾರೋ’ ಅಂತ ಅಂದ. ಎಷ್ಟು ಸಲ ಅಂತ ಕೇಳಿದಳು. ಒಂದೇ ಸಲ ಅಂದ. ಅವರು ಹೇಳಿದ ಹಾಗೆ ಹೇಳಿ ತೋರಿಸು ಅಂದಳು. ಆಕೆ ಕಾದಳು. ಕೊನೆಗೆ ಅವನು ಹೇಳಿದ, ಸಣ್ಣ ದನಿಯಲ್ಲಿ, ‘ಬಾರೋ’ ಅಂತ. ಆಕೆಯ ಮುಖ ನಮ್ಮೆದುರೇ ಸಡಿಲವಾಯಿತು. ಆರು ವರ್ಷದಿಂದ ಬಿಗಿದು ಇಟ್ಟುಕೊಂಡಿದ್ದ ಮುಖ ಅದು ಅನ್ನುವುದು ನನಗೆ ಆಗ ಗೊತ್ತಾಯಿತು.

“ಹಾಗಾದ್ರೆ ಮನೆಗೆ ಬರಬೇಕು ಅಂತಾನೇ ಇತ್ತು ಅವರಿಗೆ,” ಅಂದಳು. ನಮಗೆ ಹೇಳಿದ್ದಲ್ಲ. ಆಮೇಲೆ ಕಣ್ಣೀರು ಬಂತು. ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ, ಅದರ ಪಾಡಿಗೆ ಅದು ಇಳಿಯಿತು.

ಅವನು ಅಕ್ಕನ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟ. ಕ್ಷಮಿಸು ಅಂತ ಕೇಳಿದನೋ ಇಲ್ಲವೋ, ನನಗೆ ಸರಿಯಾಗಿ ಕೇಳಿಸಲಿಲ್ಲ. ಆಕೆ ಕೈ ಎತ್ತಿದಳು. ಎಂದಿನಂತೆ ತಲೆ ಸವರುತ್ತಾಳೆ ಅಂದುಕೊಂಡೆ. ಕೈ ಅರ್ಧಕ್ಕೇ ನಿಂತಿತು.

“ನೀನು ತಡ ಮಾಡಿದ್ದಕ್ಕೆ ನಾನೇನೂ ಹೇಳಲ್ಲ ಕಣೋ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ, ನಾನೇ ಸಾಕಿದ್ದು. ಆದ್ರೆ ಆರು ವರ್ಷ ಅವರನ್ನ ಬೈದ್ನಲ್ಲೋ. ದಿನಾ ಬೈದೆ. ನೀನು ಪಕ್ಕದಲ್ಲಿ ಕೂತು ಊಟ ಮಾಡ್ತಾ ಕೇಳಿಸ್ಕೊಳ್ತಿದ್ದೆ.”

ಅಷ್ಟು ಹೇಳಿ ಎದ್ದು ಹೊರಟಳು. ಅವನಿಗೆ ಬೇಡ ಅಂತ ಹೇಳಿದವನು ನಾನಮ್ಮ ಅಂತ ಅಂಗಡಿಯ ಬಾಗಿಲ ತನಕ ಹಿಂದೆ ಹೋಗಿ ಹೇಳಿದೆ. ಆಕೆ ತಿರುಗಿ ನೋಡಿ, ನಿಮಗೆ ಅವರು ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲವಲ್ಲ ಅಣ್ಣ, ಅಂದಳು. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಒಳ್ಳೆಯದಿತ್ತು.

ಮರುದಿನವೇ ಆಕೆ ಶಾಲೆಗೆ ಫೋಟೋ ಕಳಿಸಿಕೊಟ್ಟಳು. ತಮ್ಮನಿಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಆಕೆಯೇನೂ ಊರಿಗೆ ಡಂಗುರ ಹೊಡೆಯಲಿಲ್ಲ, ಯಾರ ಹತ್ತಿರವೂ ಅವನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಬೀದಿಯಲ್ಲಿ ಸಿಕ್ಕಿದರೆ ದಾರಿ ಬಿಟ್ಟು ಸರಿದು ಹೋಗುತ್ತಾಳೆ. ನಾನು ಎರಡು ಸಲ ಸಂಧಾನಕ್ಕೆ ಹೋದೆ. ಕೂರಿಸಿ ಚಹಾ ಕೊಟ್ಟಳು, ನನ್ನ ಮಂಡಿನೋವು ಹೇಗಿದೆ ಅಂತ ಕೇಳಿದಳು, ಅವನ ಮಾತು ತೆಗೆದಾಗ ಎದ್ದು ಒಳಗೆ ಹೋದಳು. ಬಂದೆಯ ಕೆಲಸ ಈಗ ಮೊದಲಿನ ಹಾಗೆ ಚೆನ್ನಾಗಿದೆ. ದಾರದುಂಡೆ ಕೂರುವ ಬಾಬಿನ್ ಕೇಸ್ ಕೈಗೆ ತೆಗೆದುಕೊಂಡರೆ ಮುಗಿಸಿಯೇ ಇಡುತ್ತಾನೆ. ಮಧ್ಯಾಹ್ನ ನನ್ನ ಜೊತೆ ಉಣ್ಣುತ್ತಾನೆ, ರಾತ್ರಿ ಏನು ತಿನ್ನುತ್ತಾನೋ ಕೇಳಿದರೆ ಹೇಳುವುದಿಲ್ಲ.

ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನು ಹಿಟ್ಟಿನ ಗಿರಣಿಯ ಪಕ್ಕದ ಮೆಟ್ಟಿಲು ಹತ್ತುತ್ತಾನೆ. ಒಂದು ದಿನವೂ ತಪ್ಪಿಸಿಲ್ಲ. ಹತ್ತಿ, ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು ಇಳಿದು ಬರುತ್ತಾನೆ. ಹೋದ ವಾರ ಬೆಳಿಗ್ಗೆ ಅಂಗಡಿ ತೆರೆದವನೇ ನೇರ ನನ್ನ ಕಡೆ ಬಂದ. ಮುಖದಲ್ಲಿ ಏನೋ ಗೆಲುವಿತ್ತು. ಹಿಂದಿನ ಸಂಜೆ ಅಕ್ಕನ ಮನೆಯೊಳಗೆ ಯಂತ್ರ ಓಡುತ್ತಿತ್ತಂತೆ, ಅಕ್ಕ ಹೊಲಿಯುತ್ತಾ ಭಾವನ ಹತ್ತಿರ ಮಾತಾಡುತ್ತಿದ್ದಳಂತೆ. ಬೈಗುಳವಲ್ಲ. ಕೆಳಗಿನ ಗಿರಣಿಯವನು ಬೆಲ್ಟು ಬದಲಾಯಿಸಿದ್ದಾನೆ, ಇನ್ನು ಮನೆ ಅಷ್ಟು ಅದುರುವುದಿಲ್ಲ, ಮೊನ್ನೆ ಒಬ್ಬಳು ತಾಯಿ ಒಂದೇ ಅಂಗಿಗೆ ಎರಡು ಅಳತೆ ಕೊಟ್ಟುಹೋಗಿದ್ದಾಳೆ, ನಿಮ್ಮ ವ್ಯಾನಿನ ಗಿರಾಕಿಗಳೇ ಎಲ್ಲ, ಅಂತ ಹೇಳುತ್ತಾ ನಡುವೆ ನಕ್ಕಳಂತೆ.

ಹಾಗಾದರೆ ಮನಸ್ಸು ಹಗುರಾಗಿದೆ, ಬಾಗಿಲು ತಟ್ಟಬೇಕಿತ್ತು ಕಣೋ, ತೆರೆಯುತ್ತಿದ್ದಳೇನೋ ಅಂದೆ.

“ಬೇಡ ಅಣ್ಣ,” ಅಂದ ಅವನು. “ಇಷ್ಟು ವರ್ಷ ಆದ್ಮೇಲೆ ಇಬ್ಬರೂ ಮಾತಾಡ್ತಾ ಕೂತಿದ್ದಾರೆ. ಮಧ್ಯೆ ನಾನ್ಯಾಕೆ?”